ತಿಂಡಿ ಮನೆಯಲ್ಲಿ, ಸಿಹಿ ಊರಾಚೆ

ಬೆಳಗಿನ ತಿಂಡಿಯನ್ನು ನಾನು ಆದಷ್ಟೂ ಮನೆಯಲ್ಲೇ ತಿನ್ನುತ್ತೇನೆ. ಸಿಹಿಯನ್ನು ಆದಷ್ಟೂ ಮನೆಯಲ್ಲಿ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಹೇಳಿದರೆ ಜನ ನಗುತ್ತಾರೆ. ಇಲ್ಲಿ ಪದ್ಧತಿ ಉಲ್ಟಾ. ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ದೋಸೆಗೆ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ಕಾಯುವುದು ಈ ಊರಿನ ಆಚಾರ. ಹಬ್ಬ ಬಂದರೆ ಮನೆಯಲ್ಲಿ ಒಬ್ಬಟ್ಟು ತಟ್ಟುವುದೂ ಆಚಾರವೇ. ನನಗೆ ಹೋಟೆಲಿನ ಮೇಲೆ ಮುನಿಸಿಲ್ಲ. ಒಬ್ಬಟ್ಟು ಕೊಟ್ಟರೆ ಬೇಡ ಅನ್ನುವವನೂ ಅಲ್ಲ. ಆದರೂ ಯಾವುದು ಎಲ್ಲಿ ಚೆನ್ನ ಅನ್ನುವ ಲೆಕ್ಕ ವರ್ಷ ಕಳೆದ ಹಾಗೆ ಹೀಗೆ ಕೂತುಬಿಟ್ಟಿದೆ.

ಲೆಕ್ಕ ಇಷ್ಟೇ. ತಿಂಡಿ ಒಂದೊಂದಾಗಿ ಆಗುವ ಪದಾರ್ಥ, ಸಿಹಿ ಬಾಣಲೆಗಟ್ಟಲೆ ಆಗುವ ಪದಾರ್ಥ. ದೋಸೆ ಕಾವಲಿಯಿಂದ ತಟ್ಟೆಗೆ ಬರುವಷ್ಟರಲ್ಲೇ ಅದರ ಆಯುಷ್ಯ ಅರ್ಧ ಮುಗಿದಿರುತ್ತದೆ. ಮೈಸೂರುಪಾಕಿಗೆ ಆ ಅವಸರವಿಲ್ಲ. ಅದಕ್ಕೆ ಬೇಕಾದ್ದು ದೊಡ್ಡ ಬಾಣಲೆ, ಗಟ್ಟಿ ರಟ್ಟೆ, ತಿನ್ನಲು ನಾಲ್ಕು ಜನ. ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರು ಮತ್ತು ಎರಡು ಒಲೆಯ ಒಂದು ಸ್ಟವ್. ಹಾಗಾಗಿ ತಿಂಡಿ ಒಳಗೆ ಉಳಿಯಿತು, ಸಿಹಿ ಹೊರಗೆ ಹೋಯಿತು. ಅದರ ಹಿಂದೆ ಸ್ನೇಹಿತರೂ ಬಂದರು.

ಮೊದಲು ತಿಂಡಿಯ ಮಾತು ಮುಗಿಸುತ್ತೇನೆ. ಅದು ಬೇಗ ಮುಗಿಯುವುದಿಲ್ಲ ಅಂತ ಗೊತ್ತು.

ದೋಸೆಯ ಕೆಲಸ ಶುರುವಾಗುವುದು ಹಿಂದಿನ ದಿನ ಮಧ್ಯಾಹ್ನ. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ರುಬ್ಬುವ ಹೊತ್ತಿಗೆ ಒಂದು ಹಿಡಿ ನೆನೆದ ಅವಲಕ್ಕಿ. ರುಬ್ಬಿದ ಮೇಲೆ ಕೈ ಹಾಕಿ ಕಲಸಬೇಕು, ಕೈಯ ಗುಣದಿಂದಲೇ ಹುಳಿ ಬರುವುದು ಅಂತ ಅಮ್ಮ ಹೇಳುತ್ತಾರೆ. ನಾನೂ ಕೈಯಲ್ಲೇ ಕಲಸುತ್ತೇನೆ. ಆದರೆ ಹಿಟ್ಟು ಉಬ್ಬಿಸುವ ಲ್ಯೂಕೊನೋಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಬೇಳೆಯ ಜೊತೆಗೇ ಬಂದಿರುತ್ತದೆ. ನಮ್ಮ ಕೈಗಾಗಿ ಅದು ಕಾಯುತ್ತಾ ಕೂರುವುದಿಲ್ಲ. ಅದಕ್ಕೆ ಬೇಕಾದ್ದು ಬೆಚ್ಚಗಿನ ಜಾಗ. ಮಂಗಳೂರಿನಲ್ಲಿ ಹಿಟ್ಟು ರಾತ್ರಿಯೇ ಪಾತ್ರೆ ದಾಟಿ ಕಟ್ಟೆಯ ಮೇಲೆ ಹರಿದಿರುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ 15-16 ಡಿಗ್ರಿ ಇರುತ್ತದೆ. ಆಗ ಬೆಳಿಗ್ಗೆ ಎಂಟಕ್ಕೂ ಹಿಟ್ಟು ಹಾಗೇ ಮಲಗಿರುತ್ತದೆ. ಅಮ್ಮ ಪಾತ್ರೆಗೆ ಹಳೇ ಕಂಬಳಿ ಸುತ್ತುತ್ತಿದ್ದರು. ನಾನು ಓವನ್ನಿನಲ್ಲಿ ಬರೀ ದೀಪ ಹಾಕಿ ಒಳಗಿಡುತ್ತೇನೆ. ಆ ಚಿಕ್ಕ ಬಲ್ಬಿನ ಬಿಸಿಯೇ ಸಾಕಾಗುತ್ತದೆ.

ಮನೆ ದೋಸೆ ಹೋಟೆಲ್ ದೋಸೆಯ ಹಾಗೆ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಹೋಟೆಲಿನ ಕಾವಲಿ ದಪ್ಪ, ಬೆಂಕಿ ದೊಡ್ಡದು. ಒಂದೇ ಸಲಕ್ಕೆ ಎಂಟು ಹತ್ತು ದೋಸೆ ಹುಯ್ದರೂ ಆ ಕಾವಲಿ ತಣ್ಣಗಾಗುವುದಿಲ್ಲ. ಅದಕ್ಕೇ ಆ ಕೆಂಪು, ಆ ಗರಿಗರಿ. ಮನೆಯ ಕಾವಲಿಯಲ್ಲಿ ದೋಸೆ ಸ್ವಲ್ಪ ಮೆತ್ತಗೆ, ದಪ್ಪಗೆ ಬರುತ್ತದೆ. ಮೇಲೆಲ್ಲ ತೂತು, ತಳ ಮಾತ್ರ ಕೆಂಪು. ಮುಚ್ಚಳ ಮುಚ್ಚಿ ಬೇಯಿಸಿದರೆ ಮಗುಚುವ ಕೆಲಸವೂ ಇಲ್ಲ. ಅದರ ಮೇಲೆ ಬೆಣ್ಣೆ ಹಾಕಿದರೆ ತೂತುಗಳೇ ಕುಡಿದುಬಿಡುತ್ತವೆ. ಮೂರನೇ ದೋಸೆಯ ಹೊತ್ತಿಗೆ ಕಾವಲಿ ಹದಕ್ಕೆ ಬಂದಿರುತ್ತದೆ. ಮೊದಲನೆಯದು ಯಾವಾಗಲೂ ಅಂಟಿಕೊಳ್ಳುತ್ತದೆ, ಅದನ್ನು ಮಾಡಿದವರೇ ಒಲೆಯ ಮುಂದೆ ನಿಂತು ತಿನ್ನಬೇಕು. ನಮ್ಮ ಕಡೆ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸುಟ್ಟ ಅಂಚಿನ ಆ ಮೊದಲ ದೋಸೆಗೆ ಬೇರೆಯೇ ರುಚಿ ಇದೆ, ಅಲ್ವಾ?

ಚಟ್ನಿಯ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ನನ್ನ ಊರು ತಿಪಟೂರು. ಕೊಬ್ಬರಿ ಮಾರುಕಟ್ಟೆಯ ಊರು. ಅಲ್ಲಿಂದ ಬಂದವನಿಗೆ ಬೆಂಗಳೂರಿನ ಕೆಲವು ಚಟ್ನಿ ನೋಡಿದರೆ ದುಃಖವಾಗುತ್ತದೆ. ಹುರಿಗಡಲೆಯನ್ನು ನೀರಿನಲ್ಲಿ ಕದಡಿ ಅದಕ್ಕೆ ತೆಂಗಿನಕಾಯಿಯನ್ನು ತೋರಿಸಿರುತ್ತಾರೆ, ಅಷ್ಟೇ. ಮನೆಯಲ್ಲಿ ಅರ್ಧ ಹೋಳು ಕಾಯಿ, ಎರಡು ಹಸಿಮೆಣಸಿನಕಾಯಿ, ಒಂದು ಚಮಚ ಹುರಿಗಡಲೆ, ಒಂದಿಷ್ಟು ಹುಣಸೆ. ತುರಿಯುವಾಗ ಕರಟದ ಹತ್ತಿರ ಹೋಗಬಾರದು. ಅಲ್ಲಿನ ಕಂದು ಸಿಪ್ಪೆ ಬಂದರೆ ಬಣ್ಣವೂ ಕೆಡುತ್ತದೆ, ಬಾಯಿಗೆ ಒಗರೂ ಹತ್ತುತ್ತದೆ. ರುಬ್ಬಿದ ಅರ್ಧ ಗಂಟೆಯೊಳಗೆ ತಿಂದು ಮುಗಿಸಬೇಕು. ಇಷ್ಟು ಅವಸರದ ಪದಾರ್ಥವನ್ನು ಹೋಟೆಲ್ ಬಕೆಟ್ಟಿನಲ್ಲಿ ತುಂಬಿಡುತ್ತದೆ. ಅದು ಅವರ ತಪ್ಪಲ್ಲ. ಬಕೆಟ್ಟು ಇಲ್ಲದೆ ಹೋಟೆಲ್ ನಡೆಯುವುದಿಲ್ಲ.

ಹುಳಿ ಬಾರದ ಚಳಿಯ ದಿನಕ್ಕೆ ನೀರ್ ದೋಸೆ ಇದೆ. ನೆನೆದ ಅಕ್ಕಿ, ಸ್ವಲ್ಪ ಕಾಯಿ, ಜಾಸ್ತಿ ನೀರು. ರಾತ್ರಿ ಕಾಯುವ ಕೆಲಸವಿಲ್ಲ. ಅಕ್ಕಿ ರೊಟ್ಟಿ ಇದೆ. ಅದರಲ್ಲಿ ಎರಡು ಪಂಗಡ. ಮಲೆನಾಡಿನವರು ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸಿ, ತೆಳ್ಳಗೆ ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಕಲಸಿ, ತಣ್ಣಗಿನ ಬಾಣಲೆಗೇ ತಟ್ಟುತ್ತೇವೆ. ನಡುವೆ ಬೆರಳಿಂದ ತೂತು ಮಾಡಿ ಎಣ್ಣೆ ಬಿಡುತ್ತೇವೆ. ಒಂದು ರೊಟ್ಟಿ ಬೇಯುವಾಗ ಇನ್ನೊಂದು ಬಾಣಲೆ ನಲ್ಲಿಯ ಕೆಳಗೆ ತಣ್ಣಗಾಗುತ್ತಿರಬೇಕು. ಇದನ್ನು ಐವತ್ತು ಜನಕ್ಕೆ ಮಾಡಿ ನೋಡಿ. ಆಗುವುದಿಲ್ಲ. ನಾಲ್ಕು ರೊಟ್ಟಿಗೇ ಸೊಂಟ ಹಿಡಿಯುತ್ತದೆ.

ನವೆಂಬರ್ ಕೊನೆಯಿಂದ ಇದೇ ರೊಟ್ಟಿಗೆ ಅವರೆಕಾಳು ಬೀಳುತ್ತದೆ. ಆಮೇಲೆ ಎರಡು ಮೂರು ತಿಂಗಳು ನಮ್ಮ ಮನೆಯಲ್ಲಿ ಅವರೆಕಾಳು ಬೀಳದ ತಿಂಡಿಯೇ ಇಲ್ಲ. ಕೊಳ್ಳುವಾಗ ಮೂಸಿ ನೋಡಬೇಕು. ಸಿಪ್ಪೆಯ ಮೇಲಿನ ಅಂಟುಅಂಟಾದ ಎಣ್ಣೆಯ ವಾಸನೆ ಇರುತ್ತದಲ್ಲ, ಅದೇ ಸೊಗಡು. ಸೊಗಡು ಇಲ್ಲದ ಅವರೆಕಾಯಿ ಕೊಂಡರೆ ಬರೀ ಕಾಳು ಕೊಂಡ ಹಾಗೆ. ಹಿಂದಿನ ರಾತ್ರಿ ಟಿವಿ ಮುಂದೆ ಕೂತು ಬಿಡಿಸುವುದು, ಕಾಳನ್ನು ನೀರಿಗೆ ಹಾಕಿ ಬೆಳಿಗ್ಗೆ ಹಿತುಕುವುದು. ಹಿತಕಿದ ಬೇಳೆ ಬೆರಳಿನ ತುದಿಯಿಂದ ಹಾರಿ ಸೋಫಾದ ಕೆಳಗೆ ಹೋಗುತ್ತದೆ. ಮಾರ್ಚ್‌ವರೆಗೂ ಅಲ್ಲಿ ಒಂದೊಂದು ಸಿಗುತ್ತಿರುತ್ತದೆ.

ಉಪ್ಪಿಟ್ಟಿನ ಪರವಾಗಿಯೂ ಎರಡು ಮಾತು ಹೇಳಲೇಬೇಕು. ಹಾಸ್ಟೆಲಿನಲ್ಲಿ ನಾವೆಲ್ಲ ಅದನ್ನು ಕಾಂಕ್ರೀಟು ಅಂತಲೇ ಕರೆಯುತ್ತಿದ್ದೆವು. ಉಪ್ಪಿಟ್ಟು ಕಾಂಕ್ರೀಟಾಗುವುದು ನೂರಾರು ಜನಕ್ಕೆ ಮಾಡಿ ಒಂದು ಗಂಟೆ ಮುಚ್ಚಿಟ್ಟಾಗ. ರವೆ ಆಮೇಲೂ ನೀರು ಕುಡಿಯುತ್ತಲೇ ಇರುತ್ತದೆ. ಆರಿದ ಹಾಗೆ ಅದರ ಪಿಷ್ಟ ಬಿಗಿಯುತ್ತದೆ. ಇಬ್ಬರಿಗೆ ಮಾಡಿ ನೋಡಿ. ಬನ್ಸಿ ರವೆಯನ್ನು ಘಂ ಅನ್ನುವವರೆಗೆ ಹುರಿದು, ಒಂದಕ್ಕೆ ಎರಡೂವರೆ ನೀರಿಟ್ಟು, ಒಲೆಯಿಂದ ಇಳಿಸಿದ ಕೂಡಲೇ ನಿಂಬೆಹಣ್ಣು ಹಿಂಡಿ ತಿಂದರೆ ಅದನ್ನು ಬೈಯಲು ಯಾರಿಗೂ ಮನಸ್ಸು ಬರುವುದಿಲ್ಲ. ಉಪ್ಪಿಟ್ಟಿನ ಕೆಟ್ಟ ಹೆಸರೆಲ್ಲ ಮದುವೆಮನೆ, ಹಾಸ್ಟೆಲು, ಕಾನ್ಫರೆನ್ಸುಗಳಿಂದ ಬಂದದ್ದು.

ಹೋಟೆಲು ಕೊಟ್ಟ ಒಳ್ಳೆಯದನ್ನು ಮನೆ ತೆಗೆದುಕೊಂಡಿಲ್ಲ ಅಂತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಆ ರವೆ ಇಡ್ಲಿ ಈಗ ಮನೆಮನೆಯ ತಿಂಡಿ. ಹಾಗೇ ಚೌಚೌ ಬಾತು. ಖಾರಾಬಾತಿನ ಪಕ್ಕದಲ್ಲಿ ಒಂದು ಗುಡ್ಡೆ ಕೇಸರಿಬಾತು ಇಟ್ಟು, ಬೆಳಿಗ್ಗೆ ಎಂಟಕ್ಕೇ ಜನರಿಗೆ ಸಿಹಿ ತಿನ್ನಿಸುವ ಈ ಉಪಾಯ ಹೋಟೆಲಿಗಷ್ಟೇ ಹೊಳೆಯಬೇಕು. ನನ್ನ ಲೆಕ್ಕವನ್ನು ಇದು ಪೂರಾ ಕೆಡಿಸುತ್ತದೆ. ಅದಕ್ಕೇ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಇನ್ನು ಸಿಹಿ.

ಮೈಸೂರುಪಾಕಿಗೆ ಬೇಕಾದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮೂರೇ ಮೂರು. ಮನೆಯಲ್ಲಿ ಯಾಕೆ ಆಗುವುದಿಲ್ಲ ಅಂತ ಕೇಳಬಹುದು. ಆಗುತ್ತದೆ, ಆದರೆ ಅದು ಬೇರೆ ಪದಾರ್ಥ. ಎಳೆಪಾಕಕ್ಕೆ ಹಿಟ್ಟು ಸೇರಿಸಿ, ಕಾದ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತಾ ಹೋದಾಗ ಹಿಟ್ಟು ನೊರೆ ಕಟ್ಟಿ ಏಳುತ್ತದೆ. ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವಾಗ ಗೂಡು ಬೀಳುತ್ತದೆ. ಈ ನೊರೆಯನ್ನು ಆಳವಾದ ದೊಡ್ಡ ತಟ್ಟೆಗೆ ಸುರಿದರೆ ಅಂಚು ಬೇಗ ಆರುತ್ತದೆ, ನಡುವಿನ ಬಿಸಿ ಹೊರಗೆ ಹೋಗಲಾರದೆ ಒಳಗೇ ಬೇಯುತ್ತಾ ಇರುತ್ತದೆ. ಹಳೇ ಕಾಲದ ಗಟ್ಟಿ ಮೈಸೂರುಪಾಕನ್ನು ಕತ್ತರಿಸಿದರೆ ಮೇಲೆ ಕೆಳಗೆ ತಿಳಿ ಹಳದಿ, ನಡುವೆ ಕೆಂಪು ಪಟ್ಟಿ ಕಾಣುತ್ತದಲ್ಲ, ಅದು ಬಣ್ಣ ಅಲ್ಲ, ಬಿಸಿ. ಕಾಲು ಕೆಜಿ ಹಿಟ್ಟಿನಲ್ಲಿ ಆ ಬಿಸಿ ನಿಲ್ಲುವುದಿಲ್ಲ. ತಟ್ಟೆಗೆ ಸುರಿದ ಐದು ನಿಮಿಷಕ್ಕೆ ಎಲ್ಲ ಕಡೆಯೂ ಒಂದೇ ಹಳದಿ. ಹಾಗಂತ ಐದು ಕೆಜಿ ಮಾಡಿದರೆ ಇಬ್ಬರಿರುವ ಮನೆಯಲ್ಲಿ ಅದನ್ನು ಏನು ಮಾಡುವುದು?

ಸಿಹಿ ಅಂದರೆ ಹೆಚ್ಚುಕಡಿಮೆ ಎಲ್ಲವೂ ಹೀಗೇ. ಪೇಡೆಗೆ ಗಂಟೆಗಟ್ಟಲೆ ಖೋವಾ ಕೆದಕಬೇಕು. ಕರದಂಟಿಗೆ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಎಲ್ಲ ಕೂಡಿಸಿ ಬೆಲ್ಲದ ಪಾಕಕ್ಕೆ ಹಾಕಬೇಕು. ಯಾರೋ ಒಬ್ಬರು ದಿನವೂ ಅದೇ ಕೆಲಸ ಮಾಡುತ್ತಾ ಕೈ ಪಳಗಿಸಿಕೊಂಡಿರುತ್ತಾರೆ. ಕೆಡದೆ ನಾಲ್ಕು ದಿನ ಇರುವುದರಿಂದ ಬಸ್ಸು ರೈಲಿನಲ್ಲಿ ಊರು ದಾಟಿ ಹೋಗುತ್ತದೆ. ಹೋಗುವಾಗ ಊರಿನ ಹೆಸರನ್ನೂ ಹೊತ್ತುಕೊಂಡು ಹೋಗುತ್ತದೆ. ಮೈಸೂರುಪಾಕು, ಧಾರವಾಡ ಪೇಡೆ, ಬೆಳಗಾವಿ ಕುಂದಾ, ಗೋಕಾಕ ಕರದಂಟು. ತಿಂಡಿಗೆ ಈ ಭಾಗ್ಯ ಕಡಿಮೆ. ದಾವಣಗೆರೆ ಬೆಣ್ಣೆದೋಸೆ, ಬಿಡದಿ ತಟ್ಟೆ ಇಡ್ಲಿ ಅಂತ ಇವೆ, ನಿಜ. ಆದರೆ ಅವು ಹೋಟೆಲಿನವು. ಮನೆ ತಿಂಡಿಗೆ ಊರಿನ ಹೆಸರಿಲ್ಲ. ಅಮ್ಮ ಮಾಡುವ ರೊಟ್ಟಿ, ಅತ್ತೆ ಮಾಡುವ ಕಡುಬು, ಅಷ್ಟೇ.

ನಾವು ನಾಲ್ವರು ಕಾಲೇಜಿನಿಂದ ಸ್ನೇಹಿತರು. ಒಬ್ಬ ಧಾರವಾಡದವನು, ಒಬ್ಬಳು ಉಡುಪಿಯವಳು, ಒಬ್ಬಳು ಶಿರಸಿಯವಳು, ನಾನು ತಿಪಟೂರು. ನಮ್ಮೊಳಗೆ ಹೆಸರಿಗಿಂತ ಊರಿಂದ ಕರೆಯುವುದೇ ಜಾಸ್ತಿ. ಮದುವೆ, ಮಕ್ಕಳು, ಸಾಲ, ವರ್ಗಾವಣೆ ಎಲ್ಲ ಆದಮೇಲೂ ನಾವು ಸೇರುವುದಕ್ಕೆ ಒಂದು ನೆಪ ಬೇಕಾಗಿತ್ತು. ಸಿನಿಮಾ ಅಂದರೆ ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗಿಲ್ಲ. ಟ್ರೆಕ್ಕಿಂಗ್ ಅಂದರೆ ಮಂಡಿ. ಸಿಹಿ ಅಂದರೆ ನಾಲ್ಕೂ ಜನ ಎದ್ದು ಬರುತ್ತಾರೆ. ನಮ್ಮ ನಿಯಮ ಒಂದೇ: ಏನೇ ತರಿಸಿದರೂ ನಾಲ್ಕು ಭಾಗ. ನಾಲ್ಕು ಜನ ಹೋದರೆ ನಾಲ್ಕು ಬಗೆ ತಿನ್ನಬಹುದು, ಒಂದರ ಲೆಕ್ಕದಲ್ಲಿ. ಒಬ್ಬನೇ ಹೋದರೆ ಒಂದೇ ಬಗೆ, ಅದೂ ಮುಗಿಸುವಷ್ಟರಲ್ಲಿ ಸಾಕಾಗಿರುತ್ತದೆ. ಸಿಹಿಯ ರುಚಿ ಮೊದಲ ಎರಡು ತುತ್ತಿನಲ್ಲೇ ಇರುವುದು. ಮೂರನೆಯದು ಆಸೆಗೆ.

ಮೈಸೂರಿಗೆ ಹೋದಾಗ ಸಯ್ಯಾಜಿ ರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡಿರುವ ಗುರು ಸ್ವೀಟ್ಸ್‌ಗೆ ಹೋಗುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಈ ಪಾಕವನ್ನು ಮೊದಲು ಮಾಡಿದರು ಅನ್ನುವುದು ಎಲ್ಲರೂ ಹೇಳುವ ಕತೆ. ಅಂಗಡಿ ನಡೆಸುವುದು ಅವರ ವಂಶದವರು. ಅಂಗಡಿ ಅಂದರೆ ಒಂದು ಕಟ್ಟೆ, ಅದರ ಮುಂದೆ ಜನ. ಕೂರಲು ಜಾಗವಿಲ್ಲ. ಕಾಗದದ ಮೇಲೆ ಇಟ್ಟುಕೊಂಡು ಮಾರುಕಟ್ಟೆಯ ಗೋಡೆಗೆ ಒರಗಿ ತಿನ್ನಬೇಕು. ಅಲ್ಲಿ ಪ್ರತಿ ಸಲವೂ ಅದೇ ಜಗಳ. ಮೆತ್ತಗಿನದು ಸರಿಯೋ, ಗಟ್ಟಿಯದು ಸರಿಯೋ? ಧಾರವಾಡದವನು ಮೆತ್ತಗಿನ ಕಡೆ. ನಾನು ಗಟ್ಟಿಯ ಕಡೆ. ಬಾಯಲ್ಲಿಟ್ಟರೆ ಕರಗಬೇಕು ಅನ್ನುವುದು ಈಗಿನ ಜಾಹೀರಾತುಗಳು ಹುಟ್ಟಿಸಿದ ರುಚಿ ಅಂತ ನನ್ನ ವಾದ. ಕಚ್ಚಿದರೆ ಪುಡಿಯಾಗಿ, ಆಮೇಲೆ ತುಪ್ಪ ಬಿಡುವುದು ಇನ್ನೊಂದು ಸುಖ. ಉಡುಪಿಯವಳು ಎರಡನ್ನೂ ತಿಂದು ತೀರ್ಪು ಕೊಡದೆ ಕೂರುತ್ತಾಳೆ.

ಧಾರವಾಡಕ್ಕೆ ಹೋದಾಗ ಅವನ ದರ್ಬಾರು. ಲೈನ್ ಬಜಾರಿನ ಠಾಕೂರ್ ಪೇಡೆ ಅಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು. ತೆರೆಯುವ ಹೊತ್ತಿಗೆ ಸರಿಯಾಗಿ ನಿಂತಿರಬೇಕು, ಇಲ್ಲದಿದ್ದರೆ ಮುಗಿದಿರುತ್ತದೆ. ಈ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದದ್ದು. ಕೈಯಲ್ಲಿದ್ದ ವಿದ್ಯೆ ಪೇಡೆಯದು, ಇಲ್ಲಿ ಸಿಕ್ಕಿದ್ದು ಎಮ್ಮೆಹಾಲು. ಧಾರವಾಡಿ ಅಂತಲೇ ಒಂದು ಎಮ್ಮೆಯ ತಳಿ ಇದೆ, ಗವಳಿಗರು ಸಾಕುವಂಥದ್ದು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಕೆದಕಿ, ಉಂಡೆ ಕಟ್ಟಿ, ಮೇಲೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಮಥುರಾದ ಪೇಡೆಗೂ ಇದಕ್ಕೂ ನೆಂಟಸ್ತನ ಕಾಣುತ್ತದೆ, ಆದರೆ ಇದು ಪೂರ್ತಿ ಇಲ್ಲಿಯದೇ ಆಗಿಹೋಗಿದೆ. ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಎಲ್ಲ ಬಸ್‌ಸ್ಟ್ಯಾಂಡಿನಲ್ಲೂ ಸಿಗುವ ಮಿಶ್ರಾ ಪೇಡೆ ಒಂದು ಕಡೆ, ಸಾಲಿನಲ್ಲಿ ನಿಂತು ತರುವ ಠಾಕೂರ್ ಪೇಡೆ ಒಂದು ಕಡೆ. ಧಾರವಾಡದವರ ಮುಂದೆ ಇವೆರಡರಲ್ಲಿ ಯಾವುದು ಚೆನ್ನ ಅಂತ ಕೇಳಬೇಡಿ. ನಿಮ್ಮ ಅರ್ಧ ದಿನ ಹೋಗುತ್ತದೆ.

ಅವತ್ತು ಬೆಳಿಗ್ಗೆ ಅವನ ಮನೆಯಲ್ಲಿ ತಿಂಡಿಗೆ ಒಗ್ಗರಣೆ ಅವಲಕ್ಕಿ ಮತ್ತು ಮಂಡಕ್ಕಿಯ ಸುಸಲಾ ಎರಡೂ ಇತ್ತು. ಅವನ ತಾಯಿ ಮೇಲೆ ಮೇಲೆ ಬಡಿಸುತ್ತಲೇ ಇದ್ದರು. 'ಪೇಡೆ ಎಲ್ಲಿ ಓಡಿ ಹೋಗ್ತದ, ಮೊದ್ಲು ತಿನ್ರಿ' ಅಂದರು. ಆದರೆ ಪೇಡೆ ಓಡಿಹೋಗುತ್ತದೆ ಅಂತಲೇ ನಾವು ಬೇಗ ಹೊರಟಿದ್ದೆವು. ಹೀಗಾಗಿ ಡಬ್ಬಿಯಲ್ಲಿ ಸುಸಲಾ ಕಟ್ಟಿಸಿಕೊಂಡು ಸಾಲಿನಲ್ಲಿ ನಿಂತೇ ತಿಂದೆವು. ಮಂಡಕ್ಕಿ ಮೆತ್ತಗಾಗಿ ಅದರ ಕತೆ ಮುಗಿದಿತ್ತು. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ಡಬ್ಬಿಯತ್ತ ನೋಡಿದರು. ಅವರಿಗೂ ಒಂದು ಪಾಲು ಹೋಯಿತು.

ಅಲ್ಲಿಂದ ಬೆಳಗಾವಿ ಹತ್ತಿರ, ಹೆದ್ದಾರಿಯಲ್ಲಿ ಒಂದೂವರೆ ಗಂಟೆ. ಕುಂದಾ ತಿನ್ನಬೇಕಾದ್ದು ಅಲ್ಲೇ, ದೊಡ್ಡ ತಟ್ಟೆಯಿಂದ ತೂಗಿ ಕೊಟ್ಟಾಗ. ಹಾಲು ಒಡೆದು, ಬತ್ತಿ, ಕಾಳುಕಾಳಾಗಿ, ಸಕ್ಕರೆ ಕೆಂಪಾದ ರುಚಿ ಅದರದ್ದು. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ಆ ಕಾಳು ಮರಳಿನ ಹಾಗೆ ಸಿಗುತ್ತದೆ. ಮಂಡಿಗೆಯನ್ನೂ ಅಲ್ಲಿ ನೋಡಿದೆವು. ಬೋರಲು ಹಾಕಿದ ಬಾಣಲೆಯ ಮೇಲೆ ಪಂಚೆಯಷ್ಟು ತೆಳ್ಳಗಿನ ಹಾಳೆ ಬೇಯಿಸಿ, ಮಡಿಚಿ ಕೊಡುತ್ತಾರೆ. ಮದುವೆ ಸೀಸನ್ನಿನ ಸಿಹಿ ಅದು. ಮುಟ್ಟಿದರೆ ಮುರಿಯುತ್ತದೆ. ನಾಲ್ಕು ಭಾಗ ಮಾಡುವ ನಮ್ಮ ನಿಯಮ ಅಲ್ಲಿ ಪುಡಿಪುಡಿಯಾಯಿತು. ಪುಡಿಯನ್ನು ಹಾಲಿಗೆ ಹಾಕಿಕೊಂಡು ತಿಂದೆವು.

ಉಡುಪಿಯವಳಿಗೆ ಹಾಲುಖೋವಾ ಎಲ್ಲ ಅಷ್ಟಕ್ಕಷ್ಟೇ. ಅವಳದ್ದು ಐಸ್‌ಕ್ರೀಂ. ಕರಾವಳಿಯ ಸೆಖೆಯಲ್ಲಿ ಬೆಳೆದವರಿಗೆ ಅದು ಸಹಜ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಗಡ್‌ಬಡ್ ಹುಟ್ಟಿದ್ದು ಅಂತ ಅವಳು ಬಾಯಿಬಿಟ್ಟಾಗಲೆಲ್ಲ ಹೇಳುತ್ತಾಳೆ. ಉದ್ದದ ಗ್ಲಾಸು, ಅದರೊಳಗೆ ಎರಡು ಮೂರು ಬಗೆಯ ಐಸ್‌ಕ್ರೀಂ, ಹಣ್ಣಿನ ಚೂರು, ಜೆಲ್ಲಿ, ಗೋಡಂಬಿ. ಅದರ ಜೊತೆ ಉದ್ದ ಹಿಡಿಯ ಚಮಚ. ಮೇಲಿಂದ ತಿನ್ನುತ್ತಾ ಬರುವವರು ಒಂದು ಜಾತಿ, ಚಮಚವನ್ನು ನೇರ ತಳಕ್ಕಿಳಿಸಿ ಜೆಲ್ಲಿ ಎತ್ತುವವರು ಇನ್ನೊಂದು ಜಾತಿ. ಒಂದು ಗ್ಲಾಸಿಗೆ ನಾಲ್ಕು ಚಮಚ ಹಾಕಿದರೆ ಈ ಎರಡು ಜಾತಿಯ ನಡುವೆ ಯುದ್ಧ ಖಾತ್ರಿ. ಮಂಗಳೂರಿನಲ್ಲಿ ಪಬ್ಬಾಸ್. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮಿನವರದ್ದೇ ಅದು. ಮಂಗಳೂರಿನವರು ಅದನ್ನು ಐಸ್‌ಕ್ರೀಂ ಅಂಗಡಿ ಅಂತ ಅಂದುಕೊಂಡಿಲ್ಲ. ಪರೀಕ್ಷೆ ಪಾಸಾದರೂ ಅಲ್ಲಿ, ಫೇಲಾದರೂ ಅಲ್ಲಿ, ಹೆಣ್ಣು ನೋಡಿ ಬಂದ ಮೇಲೂ ಅಲ್ಲಿ.

ದೂರ ಹೋಗಲಾಗದ ತಿಂಗಳಲ್ಲಿ ಬೆಂಗಳೂರೇ ಗತಿ. ಅದೇನೂ ಕಡಿಮೆಯಲ್ಲ. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಬಿಸಿ ಒಬ್ಬಟ್ಟು, ಬೆಣ್ಣೆ ಹಾಕಿದ ಗುಲ್ಕನ್. ಪಕ್ಕದಲ್ಲೇ ಅಯ್ಯಂಗಾರ್ ಬೇಕರಿಯ ಹನಿ ಕೇಕು, ದಿಲ್‌ಪಸಂದ್. ಹಾಸನದ ಕಡೆಯ ಹಳ್ಳಿಗಳಿಂದ ಬಂದ ಅಯ್ಯಂಗಾರರು ಮೊಟ್ಟೆ ಹಾಕದೆ ಬೇಕರಿ ನಡೆಸಿ ಇಡೀ ರಾಜ್ಯಕ್ಕೇ ಹನಿ ಕೇಕು ತಿನ್ನಿಸಿದ್ದಾರೆ. ಮೇಲೆ ಕೆಂಪು ಜಾಮ್, ಅದರ ಮೇಲೆ ಕೊಬ್ಬರಿ ತುರಿ. ಯಾವ ಪೇಟೆಯ ಕೇಕೂ ಇದರ ಮುಂದೆ ನನಗೆ ಹಿಡಿಸಿಲ್ಲ. ರಾತ್ರಿ ತಡವಾಗಿದ್ದರೆ ಕಾರ್ನರ್ ಹೌಸ್ ಐಸ್‌ಕ್ರೀಂ ಅಂಗಡಿ, 1982ರಿಂದ ಇರುವಂಥದ್ದು. ಅಲ್ಲಿಯ ಡೆತ್ ಬೈ ಚಾಕೊಲೇಟನ್ನು ಒಬ್ಬರೇ ತಿಂದು ಮುಗಿಸುವವರನ್ನು ನೋಡಿದ್ದೇನೆ, ಕಾಲೇಜು ಹುಡುಗರು. ನಮಗೆ ನಾಲ್ಕು ಜನಕ್ಕೂ ಒಂದು ಸಾಕು. ನಾಲ್ವರಲ್ಲಿ ಒಬ್ಬರಿಗೆ ಈಗ ಶುಗರ್ ಬಂದಿದೆ. ಯಾರು ಅಂತ ಹೇಳುವುದಿಲ್ಲ. ನಾಲ್ಕು ಭಾಗ ಅನ್ನುವುದು ಆಗ ಮೂರೂಮುಕ್ಕಾಲು ಭಾಗವಾಯಿತು. ಉಳಿದ ಕಾಲು ಭಾಗಕ್ಕೂ ಉಡುಪಿಯವಳ ಚಮಚವೇ ಬರುತ್ತದೆ.

ಈಗ ಎಲ್ಲವೂ ಮನೆ ಬಾಗಿಲಿಗೇ ಬರುತ್ತದೆ, ಇಷ್ಟು ತಿರುಗುವುದು ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಒಮ್ಮೆ ತರಿಸಿಯೂ ನೋಡಿದೆ. ಡಬ್ಬಿ ಚೆನ್ನಾಗಿತ್ತು, ರಿಬ್ಬನ್ ಚೆನ್ನಾಗಿತ್ತು, ಪೇಡೆಯೂ ಕೆಟ್ಟಿರಲಿಲ್ಲ. ಸಂಜೆ ಕಾಫಿಯ ಜೊತೆ ಒಂದು ತಿಂದೆ. ಮಾರನೇ ದಿನ ಒಂದು. ಆಮೇಲೆ ಆಫೀಸಿಗೆ ತೆಗೆದುಕೊಂಡು ಹೋಗಿ ಹಂಚಿದೆ. ಜಗಳವಾಡಲು ಯಾರೂ ಇಲ್ಲದೆ ಸಿಹಿ ತಿನ್ನುವುದು ಬರೀ ಸಕ್ಕರೆ ತಿಂದ ಹಾಗೆ. ಅಡುಗೆಮನೆಯಲ್ಲಿ ಮೊದಲ ದೋಸೆಯನ್ನು ಒಬ್ಬನೇ ನಿಂತು ತಿನ್ನುವಾಗ ಮಾತ್ರ ಹಾಗೆ ಅನ್ನಿಸಿಯೇ ಇಲ್ಲ. ಆಗ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ.

ನನ್ನ ಈ ಲೆಕ್ಕವನ್ನು ಒಪ್ಪದವಳು ಶಿರಸಿಯವಳು. ತಿಂಡಿ ಒಳಗೆ, ಸಿಹಿ ಹೊರಗೆ ಅನ್ನುವುದೆಲ್ಲ ಬಯಲುಸೀಮೆಯವರ ಮಾತು ಅಂತ ಅವಳು ನಗುತ್ತಾಳೆ. ಅವರ ಮನೆಯಲ್ಲಿ ಬೆಳಿಗ್ಗೆ ತೆಳ್ಳೇವು ಅನ್ನುವ ತೆಳ್ಳನೆಯ ದೋಸೆ ಆದರೆ ಪಕ್ಕದಲ್ಲಿ ಜೋನಿಬೆಲ್ಲ, ಅಂದರೆ ನೀರುಬೆಲ್ಲ, ಇರಲೇಬೇಕು. ಮೇಲೊಂದು ಮಿಳ್ಳೆ ತುಪ್ಪ. ಅದು ತಿಂಡಿಯೋ ಸಿಹಿಯೋ? ಮಳೆಗಾಲಕ್ಕೆ ಹಲಸಿನಹಣ್ಣಿನ ಕಡುಬು, ಬಾಳೆಲೆಯಲ್ಲಿ ಬೇಯಿಸಿದ್ದು. ಅದು ಯಾವ ಕಡೆ? ಸೌತೆಕಾಯಿಯ ಸಿಹಿ ದೋಸೆ? ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ತೊಡೆದೇವಿಗೆ ಬರುತ್ತಾಳೆ. ಕಬ್ಬಿನ ಹಾಲಿನಲ್ಲಿ ಅಕ್ಕಿಹಿಟ್ಟು ಕಲಸಿ, ಬೋರಲು ಹಾಕಿದ ಮಡಕೆಯ ಮೇಲೆ ಬಟ್ಟೆಯಿಂದ ತೆಳ್ಳಗೆ ಬಳಿದು, ಕೆಳಗೆ ಬೆಂಕಿ ಹಾಕಿ ಬೇಯಿಸುವುದು. ಕ್ಷಣದಲ್ಲಿ ಆರುತ್ತದೆ, ಅಷ್ಟರೊಳಗೆ ಮಡಿಚಿ ತೆಗೆಯಬೇಕು. ಒಂದೊಂದಾಗಿಯೇ ಆಗುವ ಪದಾರ್ಥ. ಮನೆಯ ಜಗುಲಿಯಲ್ಲೇ ಆಗುವ ಪದಾರ್ಥ. ಆದರೂ ಸಿಹಿ. ಡಬ್ಬಿಯಲ್ಲಿಟ್ಟರೆ ದಿನಗಟ್ಟಲೆ ಇರುತ್ತದೆ, ಊರೂರಿಗೂ ಹೋಗುತ್ತದೆ. ನನ್ನ ವಾದದ ಎಲ್ಲ ಕಂಬಗಳನ್ನೂ ಅದೊಂದೇ ಅಲ್ಲಾಡಿಸುತ್ತದೆ.

'ನೀನು ಬಂದು ಮಡಕೆ ಮುಂದೆ ಕೂತು ಒಂದಾದರೂ ಎತ್ತು, ಆಮೇಲೆ ವಾದ ಮಾಡು' ಅಂದಿದ್ದಾಳೆ. ಆಲೆಮನೆ ಶುರುವಾದ ಮೇಲೆ ಅಂದರೆ ಸಂಕ್ರಾಂತಿ ಕಳೆದ ಮೇಲೆ ಹೋಗುವುದು ಅಂತ ಮಾತಾಗಿದೆ. ಧಾರವಾಡದವನು ಅಲ್ಲಿಂದಲೇ ಬರುತ್ತಾನೆ, ನಾವು ಮೂವರು ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಿಗ್ಗೆ ಇಳಿದ ಕೂಡಲೇ ಎಲ್ಲಿ ತಿಂಡಿ ಅಂತ ನಾನು ಕೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಏನಾದರೂ ತಿಂದು ಬಂದರೆ ಮನೆಯೊಳಗೆ ಬಿಡುವುದಿಲ್ಲ ಅಂತ ಉತ್ತರ ಬಂತು. ಬರುವಾಗ ತಿಪಟೂರಿನ ಕಾಯಿ ತರಬೇಕಂತೆ, ಚಟ್ನಿಗೆ. ಅವರ ತೋಟದಲ್ಲೇ ತೆಂಗಿನ ಮರಗಳಿವೆ ಅಂತ ನನಗೆ ಗೊತ್ತು. ಆದರೂ ಹತ್ತು ಕಾಯಿ ಎತ್ತಿಟ್ಟಿದ್ದೇನೆ.